ಹನ್ನೆರಡು ಸಾವಿರ ವ್ಯಾಟಿನ ಡಬ್ಬ ಮತ್ತು ಅಪ್ಪನ ಕಿವಿ

ವರ್ತೂರಿನಲ್ಲಿ ನಾವು ನಾಲ್ವರು ಒಂದೇ ಬಾಡಿಗೆ ಮನೆಯಲ್ಲಿದ್ದೇವೆ. ಓದಿದ್ದು ಪತ್ರಿಕೋದ್ಯಮ, ಹುಟ್ಟಿದ್ದು ಹಳ್ಳಿಯಲ್ಲಿ, ಹೊಟ್ಟೆಪಾಡು ವೈಟ್‌ಫೀಲ್ಡ್ ಕಡೆಯ ಕಂಪನಿಗಳಲ್ಲಿ. ಕಳೆದ ಗೌರಿ ಹಬ್ಬಕ್ಕೆ ನಮ್ಮಲ್ಲೊಬ್ಬ ಚಿಂತಾಮಣಿ ಕಡೆಯ ತನ್ನ ಊರಿಗೆ ಬಸ್ಸಿನಲ್ಲಿ ದೊಡ್ಡದೊಂದು ರಟ್ಟಿನ ಡಬ್ಬ ಹೊತ್ತುಕೊಂಡು ಹೋದ. ಒಳಗೆ 5.1 ಹೋಮ್ ಥಿಯೇಟರ್. ಡಬ್ಬದ ಮೇಲೆ ಕೆಂಪು ಅಕ್ಷರದಲ್ಲಿ '12000 ವ್ಯಾಟ್'. ಕೊಟ್ಟ ಹಣ ಏಳೂವರೆ ಸಾವಿರ, ಅದೂ ಚೀಟಿ ಎತ್ತಿ ಬಂದದ್ದರಲ್ಲಿ. ಡಬ್ಬಕ್ಕೆ ಅರ್ಧ ಟಿಕೆಟ್ ಲಗೇಜು ಬೇರೆ.

ಅವನು ಅದನ್ನು ಕೊಂಡದ್ದು ಅಪ್ಪನಿಗಾಗಿ. ಅವರು ಮೂವತ್ತು ವರ್ಷ ಹಿಟ್ಟಿನ ಮಿಲ್ಲು ನಡೆಸಿದವರು. ಈಗ ಮಿಲ್ಲು ಮುಚ್ಚಿದೆ, ಕಿವಿ ಅರ್ಧ ಮುಚ್ಚಿದೆ. ಸಂಜೆ ಟೀವಿಯಲ್ಲಿ ಹಳೆಯ ರಾಜ್‌ಕುಮಾರ್ ಸಿನಿಮಾ ಬಂದರೆ ಕುರ್ಚಿಯನ್ನು ಟೀವಿಗೆ ಒತ್ತಿಕೊಂಡೇ ಕೂರುತ್ತಾರೆ. ದೊಡ್ಡ ಸೌಂಡ್ ಬಂದರೆ ದೂರ ಕೂತು ನೋಡಬಹುದು ಅನ್ನುವುದು ಮಗನ ಲೆಕ್ಕ. ಹಬ್ಬದ ದಿನ ಡಬ್ಬ ಬಿಚ್ಚಿ ಹಚ್ಚಿದಾಗ ಬೀದಿಯ ಮಕ್ಕಳೆಲ್ಲ ಬಂದು ಕುಣಿದರು. ಅಪ್ಪ ಅರ್ಧ ಗಂಟೆ ಕೇಳಿ, "ಸದ್ದೇನೋ ಬರ್ತದೆ ಕಣಪ್ಪಾ, ಮಾತೇ ತಿಳಿಯಲ್ಲ" ಅಂದು, ಎದ್ದು ಹೋಗಿ ಜಗಲಿ ಮೇಲೆ ಕೂತರಂತೆ.

ನಲವತ್ತು ದಿನಕ್ಕೆ ಅದು ಸತ್ತಿತು. ಗೆಳೆಯ ಮತ್ತೆ ಊರಿಗೆ ಹೋಗಿ, ಅದೇ ಡಬ್ಬ ಹೊತ್ತುಕೊಂಡು ವರ್ತೂರಿಗೆ ಬಂದ. ಅಂಗಡಿಯವನು ಕೊಟ್ಟಿದ್ದ ಚೀಟಿಯನ್ನು ತಿರುಗಿಸಿ ನೋಡಿ, "ಇದು ಎಸ್ಟಿಮೇಟು ಗುರೂ, ಬಿಲ್ಲಲ್ಲ. ಬಿಲ್ ಇದ್ರೆ ತಗೊಂಬಾ" ಅಂದ. ಅಲ್ಲಿಗೆ ಆ ಮಾತು ಮುಗಿಯಿತು.

ಆ ಅಂಗಡಿಯ ಹೆಸರು ಬರೆಯಲು ನಾವು ಕೂತಿಲ್ಲ. ಅಂಥವು ಎಲ್ಲ ಊರಲ್ಲೂ ಇವೆ. ನಮ್ಮನ್ನು ಕಾಡಿದ ಪ್ರಶ್ನೆ ಬೇರೆ. ನಾವು ನಾಲ್ವರೂ ಸುದ್ದಿಯಲ್ಲಿ ಸುಳ್ಳು ಯಾವುದು, ನಿಜ ಯಾವುದು ಎಂದು ಹುಡುಕುವುದನ್ನು ಕಲಿತವರು. ಅಂಥವರ ಮನೆಯಿಂದಲೇ ಒಬ್ಬ ಹನ್ನೆರಡು ಸಾವಿರ ವ್ಯಾಟ್ ಎಂಬ ಸುಳ್ಳನ್ನು ತಲೆ ಮೇಲೆ ಹೊತ್ತುಕೊಂಡು ಊರಿಗೆ ಹೋದ. ಹಾಗಾದರೆ ಉಳಿದವರ ಗತಿ? ಅದಕ್ಕೇ ಈ ಬರಹ. ಕಡಿಮೆ ಹಣದಲ್ಲಿ ನಂಬಬಹುದಾದ ಸೌಂಡ್ ಸಿಸ್ಟಂ ಕೊಳ್ಳುವುದು ಹೇಗೆ ಎಂಬ ಬಗ್ಗೆ ನಮ್ಮದೊಂದು ಅಭಿಪ್ರಾಯವಿದೆ. ಅದು ಅಂಗಡಿಯವರಿಗೆ ಹಿಡಿಸಲಿಕ್ಕಿಲ್ಲ.

ವ್ಯಾಟ್ ಎಂಬ ಮಂತ್ರ

ಸತ್ತ ಡಬ್ಬವನ್ನು ನಮ್ಮ ರಸ್ತೆಯ ಕೊನೆಯಲ್ಲಿರುವ ರೇಡಿಯೋ ಮೆಕ್ಯಾನಿಕ್ ಬಳಿ ಒಯ್ದೆವು. ಅವರು ಟೇಪ್ ರೆಕಾರ್ಡರ್ ಕಾಲದಿಂದ ಅಲ್ಲೇ ಕೂತವರು. ಸ್ಕ್ರೂ ಬಿಚ್ಚುವ ಮೊದಲು ಸಬ್‌ವೂಫರ್ ಡಬ್ಬವನ್ನು ತಿರುಗಿಸಿ ಹಿಂಬದಿಯ ಸಣ್ಣ ಚೀಟಿಯನ್ನು ಬೆರಳಿನಿಂದ ತೋರಿಸಿದರು. ಅಲ್ಲಿ ಬರೆದಿತ್ತು: 230 ವೋಲ್ಟ್, 50 ಹರ್ಟ್ಜ್, 60 ವ್ಯಾಟ್. "ಒಳಕ್ಕೆ ಅರವತ್ತು ಹೋದ್ರೆ ಹೊರಕ್ಕೆ ಹನ್ನೆರಡು ಸಾವ್ರ ಹೆಂಗೆ ಬರ್ತೈತೆ ಸಾರ್? ಹಸು ಒಂದು ಹಿಡಿ ಹುಲ್ಲು ತಿಂದು ಹತ್ತು ಕ್ಯಾನು ಹಾಲು ಕೊಡ್ತದಾ?" ಅಂದರು.

ಮುಚ್ಚಳ ತೆಗೆದರೆ ಒಳಗೆ ಅಂಗೈಯಲ್ಲಿ ಹಿಡಿಯುವಷ್ಟು ಟ್ರಾನ್ಸ್‌ಫಾರ್ಮರ್, ಸುಟ್ಟು ಕಪ್ಪಾದ ಒಂದು ಐಸಿ, ತಳದಲ್ಲಿ ತೂಕ ಬರಲೆಂದು ಅಂಟಿಸಿದ ಒಂದು ಸಿಮೆಂಟ್ ತುಂಡು. ತೂಕ ಇದ್ದರೆ ಗಟ್ಟಿ ಮಾಲು ಎಂದು ಕೈಗೆ ಅನ್ನಿಸುತ್ತದಲ್ಲ, ಅದಕ್ಕೆ.

ಲೆಕ್ಕ ನಾವೇ ಹಾಕಿ ನೋಡಬಹುದು. ಮನೆಯ ಗೀಸರ್ ಎರಡು ಸಾವಿರ ವ್ಯಾಟ್. ಹನ್ನೆರಡು ಸಾವಿರ ಅಂದರೆ ಆರು ಗೀಸರ್ ಒಟ್ಟಿಗೆ ಉರಿದಂತೆ. 230 ವೋಲ್ಟಿನಲ್ಲಿ ಅದಕ್ಕೆ 52 ಆಂಪಿಯರ್ ಬೇಕು. ಟೀವಿ ಪಕ್ಕದ ಸಣ್ಣ ಪ್ಲಗ್ಗು 6 ಆಂಪಿಯರಿನದು. ಆ ಸಂಖ್ಯೆ ನಿಜವಾಗಿದ್ದರೆ ಹಚ್ಚಿದ ಕ್ಷಣವೇ ಫ್ಯೂಸ್ ಹಾರಬೇಕಿತ್ತು.

ಹಾಗಾದರೆ ಆ ಸಂಖ್ಯೆ ಎಲ್ಲಿಂದ ಬಂತು? ಅದರ ಪಕ್ಕ ಸಣ್ಣ ಅಕ್ಷರದಲ್ಲಿ 'ಪಿಎಂಪಿಒ' ಎಂದಿರುತ್ತದೆ. ಒಂದು ಕ್ಷಣದ ತುತ್ತತುದಿಯ ಶಕ್ತಿ ಎಂದು ಅದರ ಅರ್ಥ ಹೇಳುತ್ತಾರೆ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ, ಹಾಗಾಗಿ ಯಾರು ಎಷ್ಟು ಬೇಕಾದರೂ ಬರೆದುಕೊಳ್ಳಬಹುದು. ನೀವು ಕೇಳಬೇಕಾದದ್ದು 'ಆರ್‌ಎಂಎಸ್' ಸಂಖ್ಯೆ, ಅಂದರೆ ಯಂತ್ರ ಬಿಡದೆ ಕೊಡಬಲ್ಲ ಶಕ್ತಿ. ಅದೂ ಬರೆದಿಲ್ಲದಿದ್ದರೆ ಹಿಂಬದಿಯ ಚೀಟಿ ಓದಿ. ಗೋಡೆಯಿಂದ ಎಳೆಯುವುದಕ್ಕಿಂತ ಹೆಚ್ಚನ್ನು ಯಾವ ಸ್ಪೀಕರೂ ಬಿಡದೆ ಕೊಡಲಾರದು. ಅಂಗಡಿಯಲ್ಲಿ ಎಲ್ಲರೂ ಡಬ್ಬದ ಮುಂಭಾಗ ನೋಡುತ್ತಾರೆ. ನೀವು ತಿರುಗಿಸಿ ಹಿಂಭಾಗ ನೋಡಿ. ಈ ಬರಹದಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು.

ಇನ್ನೊಂದು ಮಾತು. ನಮಗೆ ಅಷ್ಟೆಲ್ಲ ವ್ಯಾಟ್ ಬೇಕಾಗಿಯೇ ಇಲ್ಲ. ಸಾಧಾರಣ ಸ್ಪೀಕರ್ ಒಂದೇ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಸುಮಾರು 85 ಡೆಸಿಬಲ್ ಸದ್ದು ಕೊಡುತ್ತದೆ. ನಾವು ನೀವು ಕೂತು ಮಾತಾಡುವ ಸದ್ದು 60ರ ಆಸುಪಾಸು. ವ್ಯಾಟ್ ದುಪ್ಪಟ್ಟು ಮಾಡಿದರೆ ಸಿಗುವುದು 3 ಡೆಸಿಬಲ್ ಮಾತ್ರ, ಕಿವಿಗೆ ಅದು ತುಸು ಹೆಚ್ಚಾಯಿತು ಅನ್ನಿಸುವಷ್ಟೇ. ದುಪ್ಪಟ್ಟು ಜೋರು ಅನ್ನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ಹತ್ತಡಿಗೆ ಹನ್ನೆರಡಡಿಯ ರೂಮಿಗೆ ಎರಡು ಸ್ಪೀಕರಿಗೆ ತಲಾ 20 ನಿಜವಾದ ವ್ಯಾಟ್ ಧಾರಾಳ.

ಐದು ಸ್ಪೀಕರ್ ಇದ್ದ ಮಾತ್ರಕ್ಕೆ 5.1 ಅಲ್ಲ

ಎರಡನೆಯ ಮೋಸ ಇನ್ನೂ ನಾಜೂಕಿನದು. 5.1 ಅಂದರೆ ಐದು ದಿಕ್ಕಿಗೆ ಐದು ಬೇರೆ ಬೇರೆ ಸದ್ದು, ಜೊತೆಗೆ ಗುಡುಗಿಗೊಂದು ಸಬ್‌ವೂಫರ್. ಸಿನಿಮಾದಲ್ಲಿ ಮಾತು ಬಹುಪಾಲು ನಡುವಿನ ಸ್ಪೀಕರಿಗೆ, ಮಳೆ, ಗಾಳಿ, ಜನಜಂಗುಳಿ ಹಿಂದಿನವಕ್ಕೆ. ಡಾಲ್ಬಿ ಡಿಜಿಟಲ್ 1992ರಲ್ಲಿ ಇದನ್ನು ಥಿಯೇಟರಿಗೆ ತಂದಿತು. 2022ರಲ್ಲಿ 'ಕಾಂತಾರ'ವನ್ನು ಒಳ್ಳೆಯ ಥಿಯೇಟರಿನಲ್ಲಿ ನೋಡಿದವರಿಗೆ, ಕೊನೆಯ ಆ ಕೂಗು ಮೈಗೆ ಬಂದು ತಾಗಿದ್ದು ನೆನಪಿರಬೇಕು. ಮನೆಯಲ್ಲೂ ಅದು ಬೇಕು ಅನ್ನಿಸುವುದು ಸಹಜ.

ಆದರೆ ಆ ಆರು ಸದ್ದುಗಳು ಟೀವಿಯಿಂದ ಡಬ್ಬಕ್ಕೆ ಬರಬೇಕಲ್ಲ? ನಮ್ಮ ಗೆಳೆಯನ ಡಬ್ಬದ ಹಿಂದೆ ಇದ್ದದ್ದು ಒಂದು ಕೆಂಪು, ಒಂದು ಬಿಳಿ ತೂತು, ಒಂದು ಯುಎಸ್‌ಬಿ, ಜೊತೆಗೆ ಬ್ಲೂಟೂತ್. ಕೆಂಪು ಬಿಳಿ ವಯರಿನಲ್ಲಿ ಬರುವುದು ಎಡ ಮತ್ತು ಬಲ, ಎರಡೇ. ಬ್ಲೂಟೂತಿನಲ್ಲೂ ಎರಡೇ. ಅಂದ ಮೇಲೆ ಉಳಿದ ಸ್ಪೀಕರುಗಳು ಅವೇ ಎರಡನ್ನು ನಕಲು ಹೊಡೆಯುತ್ತಿದ್ದವು. ಹಿಂದೆ ಕೂತ ಸ್ಪೀಕರಿನಿಂದಲೂ ಹೀರೋ ಮಾತಾಡುತ್ತಿದ್ದ, ಮುಂದಿನದರಿಂದಲೂ ಮಾತಾಡುತ್ತಿದ್ದ. ಅಪ್ಪನಿಗೆ ಮಾತು ಕಲಸಿಹೋದದ್ದಕ್ಕೆ ಇದೂ ಒಂದು ಕಾರಣ.

ನಿಜವಾದ 5.1 ಬೇಕಾದರೆ ಹಿಂಬದಿಯಲ್ಲಿ 'ಎಚ್‌ಡಿಎಂಐ ಎಆರ್‌ಸಿ' ಇರಬೇಕು, ಇಲ್ಲವೇ ಕನಿಷ್ಠ 'ಆಪ್ಟಿಕಲ್' ಎಂಬ ಚೌಕದ ತೂತು ಇರಬೇಕು, ಜೊತೆಗೆ ಡಬ್ಬಕ್ಕೆ ಡಾಲ್ಬಿಯನ್ನು ಬಿಡಿಸಿ ಓದುವ ಶಕ್ತಿ ಇರಬೇಕು. ಎಆರ್‌ಸಿ 2009ರಿಂದ ಇರುವ ವ್ಯವಸ್ಥೆ. ಈಗಿನ ಸ್ಮಾರ್ಟ್ ಟೀವಿಗಳ ಎಚ್‌ಡಿಎಂಐ ತೂತುಗಳಲ್ಲಿ ಸಾಮಾನ್ಯವಾಗಿ ಒಂದರ ಪಕ್ಕ 'ಎಆರ್‌ಸಿ' ಎಂದು ಬರೆದಿರುತ್ತದೆ. ಬೇರೆ ತೂತಿಗೆ ಹಾಕಿದರೆ ಸದ್ದು ಬರುವುದಿಲ್ಲ. ಟೀವಿಯ ಸೆಟ್ಟಿಂಗಿನಲ್ಲಿ ಆಡಿಯೋ ಔಟ್‌ಪುಟ್ 'ಪಿಸಿಎಂ' ಎಂದಿದ್ದರೆ ಸಾಮಾನ್ಯವಾಗಿ ಎರಡೇ ಸದ್ದು ಹೋಗುತ್ತದೆ. ಅದನ್ನು 'ಆಟೋ' ಅಥವಾ 'ಬಿಟ್‌ಸ್ಟ್ರೀಮ್' ಮಾಡಬೇಕು.

ಇಷ್ಟೆಲ್ಲ ಇದ್ದರೂ ಕೇಳುವ ಕಾರ್ಯಕ್ರಮದಲ್ಲೇ 5.1 ಇರಬೇಕು. ಹಳೆಯ ಸಿನಿಮಾ, ಧಾರಾವಾಹಿ, ವಾರ್ತೆ ಇವೆಲ್ಲ ಬಹುಮಟ್ಟಿಗೆ ಎರಡು ಸದ್ದಿನವೇ. ಊರಿನಲ್ಲಿ ಅಪ್ಪ ನೋಡುವುದು ಅವನ್ನೇ. ಆರು ಡಬ್ಬ ಕೊಂಡು ಎರಡನ್ನೇ ಕೇಳುವುದಾದರೆ ಆ ಹಣವನ್ನು ಎರಡು ಒಳ್ಳೆಯ ಸ್ಪೀಕರಿಗೆ ಹಾಕುವುದು ಲೇಸಲ್ಲವೇ?

ಕಿವಿಗೆ ಬೇಕಾದದ್ದು ಗುಡುಗಲ್ಲ

ಅಪ್ಪನ ಮಾತಿಗೆ ವಾಪಸ್ ಬರೋಣ. "ಸದ್ದು ಬರ್ತದೆ, ಮಾತು ತಿಳಿಯಲ್ಲ." ಮಿಲ್ಲು, ಮಗ್ಗ, ರೀಲಿಂಗ್ ಯೂನಿಟ್ಟು, ಪೀಣ್ಯದ ಪ್ರೆಸ್ ಶಾಪು ಇಂಥ ಕಡೆ ವರ್ಷಗಟ್ಟಲೆ ದುಡಿದವರ ಕಿವಿಯಲ್ಲಿ ಮೊದಲು ಸವೆಯುವುದು 4000 ಹರ್ಟ್ಜ್ ಸುತ್ತಮುತ್ತಲಿನ ಭಾಗ. ಸ, ಶ, ಕ, ತ, ಪ ಇಂಥ ವ್ಯಂಜನಗಳನ್ನು ಒಂದರಿಂದ ಒಂದು ಬೇರೆ ಮಾಡಿ ಹೇಳುವುದು 2000ದಿಂದ ಮೇಲಿನ ಸದ್ದುಗಳು. ಸ್ವರ ಕೇಳುತ್ತದೆ, ವ್ಯಂಜನ ಜಾರುತ್ತದೆ. 'ಕಾಲು' ಅಂದದ್ದೋ 'ತಾಲು' ಅಂದದ್ದೋ ಗೊತ್ತಾಗುವುದಿಲ್ಲ.

ಇಂಥ ಕಿವಿಗೆ ದೊಡ್ಡ ಸಬ್‌ವೂಫರ್ ತಂದು ಇಟ್ಟರೆ ಏನಾಗುತ್ತದೆ? ಸಬ್‌ವೂಫರ್ ಕೆಲಸ ಮಾಡುವುದು ಸುಮಾರು 120 ಹರ್ಟ್ಜಿನ ಕೆಳಗೆ. ಅದು ಮಾತಿಗೆ ಏನನ್ನೂ ಸೇರಿಸುವುದಿಲ್ಲ, ಇದ್ದ ಮಾತನ್ನು ಗುಂಯ್‌ಗುಡುವಿಕೆಯಲ್ಲಿ ಮುಚ್ಚುತ್ತದೆ. ಅಗ್ಗದ ಡಬ್ಬಗಳಲ್ಲಿ ಹಣವೆಲ್ಲ ಈ ಗುಡುಗಿಗೆ ಮತ್ತು ಮಿನುಗುವ ಲೈಟಿಗೆ ಹೋಗಿರುತ್ತದೆ. ಸುತ್ತಲಿನ ಪುಟ್ಟ ಸ್ಪೀಕರುಗಳಲ್ಲಿ ಇರುವುದು ಮೂರು ಇಂಚಿನ ಕಾಗದದ ಕೋನ್ ಒಂದೇ. ಅಂಗಡಿಯಲ್ಲಿ ಹಾಕಿ ತೋರಿಸುವುದೂ ಎದೆ ನಡುಗಿಸುವ ಡಿಜೆ ಹಾಡನ್ನೇ. ಅಲ್ಲಿ ಎದೆ ನಡುಗಿ ಜೇಬು ಹಗುರವಾಗುತ್ತದೆ.

ನಮ್ಮ ಅಭಿಪ್ರಾಯ ಇಷ್ಟು: ಮನೆಯ ಸೌಂಡ್ ಸಿಸ್ಟಂಗೆ ಮೊದಲ ಪರೀಕ್ಷೆ ಮಾತಿನದು, ಆಮೇಲೆ ಹಾಡಿನದು, ಕೊನೆಗೆ ಗುಡುಗಿನದು. ಅಂಗಡಿಗೆ ಹೋಗುವಾಗ ನಿಮ್ಮದೇ ಪೆನ್‌ಡ್ರೈವಿನಲ್ಲಿ ಒಂದು ಹಳೆಯ ಕನ್ನಡ ಸಿನಿಮಾದ ಮಾತಿನ ದೃಶ್ಯ, ಒಂದು ವಾರ್ತೆಯ ತುಣುಕು, ನಿಮಗೆ ಬಾಯಿಪಾಠವಿರುವ ಒಂದು ಭಾವಗೀತೆ ಒಯ್ಯಿರಿ. ಸಣ್ಣ ವಾಲ್ಯೂಮಿನಲ್ಲಿ ಹಾಕಿಸಿ, ಕಣ್ಣು ಮುಚ್ಚಿ ಕೇಳಿ. ಪ್ರತಿ ಪದ ತಿಳಿಯುತ್ತದೆಯೇ? ಆಮೇಲೆ ಮುಕ್ಕಾಲು ವಾಲ್ಯೂಮಿಗೆ ಏರಿಸಿ. 'ಸ' ಎಂಬುದು ಚುಚ್ಚುತ್ತದೆಯೇ, ಡಬ್ಬ ಗಡಗಡ ಅನ್ನುತ್ತದೆಯೇ? ಎಲ್ಲ ನಿಲ್ಲಿಸಿ ಹಾಡಿಲ್ಲದೆ ವಾಲ್ಯೂಮ್ ಏರಿಸಿದಾಗ ಜೇನುಗೂಡಿನಂತೆ ಗುಂಯ್ ಅನ್ನುತ್ತದೆಯೇ? ಹತ್ತು ನಿಮಿಷ ಹೀಗೆ ಕೇಳಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.

ಎಲ್ಲ ತೊಂದರೆಯೂ ಟೀವಿಯದೇ ಅಲ್ಲ ಎಂಬುದನ್ನೂ ಹೇಳಬೇಕು. ಹಿರಿಯರು ವಾಲ್ಯೂಮ್ ಏರಿಸುತ್ತಲೇ ಇದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ನಮ್ಮ ಗೆಳೆಯ ಇದನ್ನು ಸೌಂಡ್ ಸಿಸ್ಟಂ ಕೊಂಡಾದ ಮೇಲೆ ಯೋಚಿಸಿದ, ಮೊದಲೇ ಯೋಚಿಸಬೇಕಿತ್ತು.

ವರ್ತೂರಿನ ಗೋಡೆ, ವರ್ತೂರಿನ ಗಾಳಿ

ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳೆಲ್ಲ ದೊಡ್ಡ ಹಾಲು, ಸೋಫಾ, ದಪ್ಪ ಪರದೆ ಇರುವವರಿಗೆ. ನಮ್ಮ ಕಡೆಯ ಮನೆಗಳು ಹಾಗಿಲ್ಲ. ಒಂದೇ ಸಾಲಿನಲ್ಲಿ ಎಂಟು ಬಾಡಿಗೆ ಮನೆ, ನಡುವೆ ನಾಲ್ಕಿಂಚಿನ ಗೋಡೆ, ಕೆಲವಕ್ಕೆ ತಗಡಿನ ಶೀಟು. ಎಡಗಡೆ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮಲಗುವ ಸೆಕ್ಯೂರಿಟಿ ಅಣ್ಣ, ಬಲಗಡೆ ಮನೆಯಲ್ಲಿ ಹತ್ತನೇ ಕ್ಲಾಸು ಓದುವ ಹುಡುಗಿ. ತೆಳು ಸದ್ದನ್ನು ಗೋಡೆ ಅಷ್ಟಿಷ್ಟು ತಡೆಯುತ್ತದೆ, ಸಬ್‌ವೂಫರಿನ ದಪ್ಪ ಸದ್ದನ್ನು ತಡೆಯಲಾರದು. ನೀವು ಸಿನಿಮಾ ನೋಡುತ್ತೀರಿ, ಅವರು ಗುಡುಗು ಮಾತ್ರ ಕೇಳುತ್ತಾರೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45. ಕಾನೂನಿಗಿಂತ ಮೊದಲು ನೆರೆಯವರ ಮುಖವಿದೆ. ಬೆಳಗ್ಗೆ ನೀರಿನ ಟ್ಯಾಂಕರ್ ಬಂದಾಗ ಅದೇ ಅಣ್ಣ ನಮಗೂ ಒಂದು ಬಿಂದಿಗೆ ಹಿಡಿದಿಡುವವರು.

ಹಾಗಾಗಿ ಇಂಥ ಮನೆಗೆ ಸಬ್‌ವೂಫರ್ ಬೇಡ, ಇದ್ದರೂ ಸಣ್ಣದಿರಲಿ. ಮೂಲೆಯಲ್ಲಿ ಇಡಬೇಡಿ, ಮೂಲೆ ಗುಡುಗನ್ನು ಹೆಚ್ಚಿಸುತ್ತದೆ. ಕೆಳಗೊಂದು ಹಳೆಯ ರಬ್ಬರ್ ಮ್ಯಾಟ್ ಹಾಕಿ. ಎರಡು ಸ್ಪೀಕರನ್ನು ಟೀವಿಯ ಅಕ್ಕಪಕ್ಕ, ಕೂತವರ ಕಿವಿಯ ಎತ್ತರಕ್ಕೆ ಇಡಿ. ಖಾಲಿ ಗೋಡೆಯ ರೂಮಿನಲ್ಲಿ ಸದ್ದು ಮಾರ್ದನಿಸಿ ಮಾತು ಕಲಸುತ್ತದೆ. ಕೂತವರ ಬೆನ್ನ ಹಿಂದಿನ ಗೋಡೆಗೆ ಒಂದು ಕಂಬಳಿ ನೇತುಹಾಕಿದರೆ ಆಗುವ ಬದಲಾವಣೆ ಎರಡು ಸಾವಿರ ರೂಪಾಯಿ ಹೆಚ್ಚು ಕೊಟ್ಟರೂ ಆಗುವುದಿಲ್ಲ.

ಇನ್ನು ಗಾಳಿ. 2015ರಲ್ಲಿ ವರ್ತೂರು ಕೆರೆಯ ನೊರೆ ಕೋಡಿ ದಾಟಿ ರಸ್ತೆಗೆ ಹಾರಿ ಬೈಕ್ ಸವಾರರ ಮುಖಕ್ಕೆ ಬಡಿದದ್ದನ್ನು ದೇಶವೇ ನೋಡಿತು. ಕಾಣದ ಇನ್ನೊಂದು ಸಂಗತಿ ವಾಸನೆಯದು. ಕೊಳಚೆ ಕೊಳೆತ ನೀರಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲ ತಾಮ್ರ ಮತ್ತು ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಮನೆಯ ಕಾಲುಚೈನು ಕಪ್ಪಾಗುವ ಹಾಗೆಯೇ ಸ್ಪೀಕರ್ ವಯರಿನ ತುದಿಯೂ ಕಪ್ಪಾಗುತ್ತದೆ, ಸದ್ದು ಒಂದು ಕಡೆ ಬರುತ್ತದೆ, ಇನ್ನೊಂದು ಕಡೆ ನಿಲ್ಲುತ್ತದೆ. ಮೆಕ್ಯಾನಿಕ್ ಹೇಳುವಂತೆ ಅವರ ಬಳಿ 'ಕೆಟ್ಟಿದೆ' ಎಂದು ಬರುವ ಎಷ್ಟೋ ಸೆಟ್ಟುಗಳಲ್ಲಿ ಕೆಟ್ಟದ್ದು ತುದಿ ಮಾತ್ರ. ಆರು ತಿಂಗಳಿಗೊಮ್ಮೆ ವಯರಿನ ತುದಿಯನ್ನು ಅರ್ಧ ಇಂಚು ಕತ್ತರಿಸಿ, ಹೊಸದಾಗಿ ಸುಲಿದು, ತಿರುಚಿ ಹಾಕಿ. ಹಾಕುವ ಮುನ್ನ ಸ್ವಿಚ್ ಆಫ್ ಮಾಡಿ, ಎರಡು ತುದಿ ಒಂದಕ್ಕೊಂದು ತಾಗದಿರಲಿ. ವಯರು ಕೊಳ್ಳುವಾಗ ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಿದ್ದರೆ ತಾಮ್ರ, ಬೆಳ್ಳಗಾದರೆ ಅಲ್ಯೂಮಿನಿಯಂ ಮೇಲೆ ಬಳಿದ ತಾಮ್ರ.

ಕರೆಂಟಿನ ಕಥೆ ಹೇಳುವುದೇ ಬೇಡ. ನಮ್ಮಲ್ಲಿ ಏರಿಳಿತ, ಊರಲ್ಲಿ ಇನ್ನೂ ಹೆಚ್ಚು. ಮೂರನೇ ಪಿನ್ನಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನಿಂದ ನೋಡಿಸಿ. ಗುಡುಗು ಸಿಡಿಲಿನ ದಿನ ಪ್ಲಗ್ಗಿನ ಜೊತೆ ಕೇಬಲ್ ಅಥವಾ ಡಿಶ್ಶಿನ ವಯರನ್ನೂ ಕಿತ್ತಿಡಿ.

ನಂಬಿಕೆ ಎಲ್ಲಿ ಸಿಗುತ್ತದೆ?

ಈಗ ಮುಖ್ಯ ಮಾತು. ಬಾಳಿಕೆ ಬರುತ್ತದೆ ಅನ್ನುವುದನ್ನು ಡಬ್ಬ ನೋಡಿ ಹೇಳಲಾಗುವುದಿಲ್ಲ. ಯಾವ ಸೆಟ್ಟೂ ಒಂದು ದಿನ ಕೆಡುತ್ತದೆ. ಕೆಟ್ಟ ದಿನ ಅದನ್ನು ಬಿಚ್ಚುವವರು ಯಾರು, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬುದೇ ನಮ್ಮ ಲೆಕ್ಕದಲ್ಲಿ ನಂಬಿಕೆಯ ಅಳತೆ.

ಈ ಅಳತೆಯಲ್ಲಿ ನೋಡಿದರೆ ದಾರಿ ಮೂರು.

ಮೊದಲನೆಯದು ಕಂಪನಿಯ ಮಾಲು. ಕೈಯಲ್ಲಿ ಐದಾರು ಸಾವಿರ ಇದ್ದರೆ ಎರಡು ಸ್ಪೀಕರಿನ ಸೆಟ್, ಇನ್ನೊಂದಿಷ್ಟು ಇದ್ದರೆ ಎಆರ್‌ಸಿ ಇರುವ ಸೌಂಡ್‌ಬಾರ್, ಹದಿನೈದು ಸಾವಿರ ದಾಟಬಲ್ಲಿರಾದರೆ ಎಆರ್‌ಸಿ ಮತ್ತು ಡಾಲ್ಬಿ ಎರಡೂ ಇರುವ ನಿಜವಾದ 5.1. ಬೆಲೆ ಹಬ್ಬದಿಂದ ಹಬ್ಬಕ್ಕೆ ಮೇಲೆ ಕೆಳಗೆ ಆಗುತ್ತದೆ. ಕೊಳ್ಳುವ ಮೊದಲು ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ವರ್ತೂರಿಗೆ ಹತ್ತಿರ ಎಲ್ಲಿದೆ, ನಿಮ್ಮ ತಾಲ್ಲೂಕಿನಲ್ಲಿ ಇದೆಯೇ, ವಾರಂಟಿ ಮುಗಿದ ಮೇಲೆ ಬೋರ್ಡ್ ಬದಲಿಸಲು ಎಷ್ಟು ಎಂದು ಕೇಳಿ. ಊರಿಗೆ ಕಳಿಸುವ ಸೆಟ್ಟಾದರೆ ಊರ ಹತ್ತಿರದ ಸರ್ವಿಸ್ಸೇ ಮುಖ್ಯ, ವೈಟ್‌ಫೀಲ್ಡಿನದಲ್ಲ.

ಎರಡನೆಯದು ಸೆಕೆಂಡ್ ಹ್ಯಾಂಡ್. ವೈಟ್‌ಫೀಲ್ಡ್ ಅಪಾರ್ಟ್‌ಮೆಂಟುಗಳಿಂದ ಕೆಲಸ ಬದಲಿಸಿ ಬೇರೆ ಊರಿಗೆ, ಬೇರೆ ದೇಶಕ್ಕೆ ಹೋಗುವವರು ಒಳ್ಳೆಯ ಸ್ಟೀರಿಯೋ ಆಂಪ್ಲಿಫೈಯರ್, ಮರದ ಡಬ್ಬದ ಸ್ಪೀಕರುಗಳನ್ನು ಅರ್ಧಕ್ಕಿಂತ ಕಡಿಮೆಗೆ ಬಿಟ್ಟು ಹೋಗುತ್ತಾರೆ. ಹೊಸ ಅಗ್ಗದ ಸೆಟ್ಟಿಗಿಂತ ಹತ್ತು ವರ್ಷ ಹಳೆಯ ಒಳ್ಳೆಯ ಸ್ಪೀಕರ್ ಮೇಲು. ಕೊಳ್ಳುವಾಗ ಕೋನಿನ ಸುತ್ತಲಿನ ಸ್ಪಂಜು ಪುಡಿಯಾಗಿದೆಯೇ ನೋಡಿ, ಒಂದು ಗಂಟೆ ಓಡಿಸಿ ಕೇಳಿ, ಎಲ್ಲ ಗುಂಡಿಯನ್ನೂ ತಿರುಗಿಸಿ.

ಮೂರನೆಯದನ್ನು ಕೇಳಿ ಕೆಲವರು ನಕ್ಕಾರು: ಅಸೆಂಬಲ್ಡ್. ಎಸ್‌.ಪಿ. ರೋಡಿನಲ್ಲಿ ಬೋರ್ಡು, ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಎಲ್ಲ ಬಿಡಿಯಾಗಿ ಸಿಗುತ್ತವೆ. ಎಲ್‌ಎ4440, ಟಿಡಿಎ2030 ಇಂಥ ಐಸಿಗಳು ದಶಕಗಳಿಂದ ನಮ್ಮ ಮೆಕ್ಯಾನಿಕ್ಕುಗಳ ಕೈಯಲ್ಲಿ ಪಳಗಿದವು. ಒಂದು ಸುಟ್ಟರೆ ಕೆಲವು ಹತ್ತು ರೂಪಾಯಿಯ ಐಸಿ ಬದಲಿಸಿದರೆ ಆಯಿತು, ಚಿಂತಾಮಣಿಯ ರೇಡಿಯೋ ಅಂಗಡಿಯಲ್ಲೂ ಅದಾಗುತ್ತದೆ. ಅಂಟು ಹಾಕಿ ಮುಚ್ಚಿದ ಸೌಂಡ್‌ಬಾರಿನಲ್ಲಿ ಬೋರ್ಡ್ ಹೋದರೆ ಬೋರ್ಡಿನ ಬೆಲೆ ಹೊಸದರ ಅರ್ಧ. ಅಸೆಂಬಲ್ಡ್ ಅಂದರೆ ಕಳಪೆ ಎಂಬ ಮಾತು ಅರ್ಧ ನಿಜ. ಹನ್ನೆರಡು ಸಾವಿರ ವ್ಯಾಟ್ ಎಂದು ಬರೆದು ಓಡಿಹೋಗುವವನು ಮಾಡಿದ್ದು ಕಳಪೆ. ನಾಳೆಯೂ ಅದೇ ಬೆಂಚಿನ ಮೇಲೆ ಕೂತಿರುವ ಮೆಕ್ಯಾನಿಕ್ ಮಾಡಿಕೊಟ್ಟದ್ದಕ್ಕೆ ಅವರ ಮುಖವೇ ವಾರಂಟಿ.

ಕೊನೆಗೆ ನಮ್ಮ ಗೆಳೆಯ ಹಿಡಿದದ್ದು ಮೂರನೆಯ ದಾರಿ. ಸತ್ತ ಡಬ್ಬದಿಂದ ಉಳಿಸಿಕೊಳ್ಳಲು ಏನೂ ಇರಲಿಲ್ಲ. ಮೆಕ್ಯಾನಿಕ್ ಒಂದು ಎರಡು ಚಾನೆಲ್ಲಿನ ಆಂಪ್ಲಿಫೈಯರ್ ಕಟ್ಟಿಕೊಟ್ಟರು, ಬಾಸ್ ಮತ್ತು ಟ್ರೆಬಲ್‌ಗೆ ಬೇರೆ ಬೇರೆ ಗುಂಡಿ. ಸ್ಪೀಕರ್ ಒಂದು ಜೊತೆ ಅಪಾರ್ಟ್‌ಮೆಂಟೊಂದರಿಂದ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಎಲ್ಲ ಸೇರಿ ನಾಲ್ಕು ಸಾವಿರದ ಎಂಟುನೂರು. ಬಾಸ್ ಇಳಿಸಿ, ಟ್ರೆಬಲ್ ಸ್ವಲ್ಪ ಏರಿಸಿ, ಗುಂಡಿಯ ಪಕ್ಕ ಬಿಳಿ ಪೇಂಟಿನಲ್ಲಿ ಚುಕ್ಕೆ ಇಟ್ಟು, "ಅಪ್ಪಾಜಿಗೆ ಇಲ್ಲೇ ಬಿಡೋಕೆ ಹೇಳಿ" ಅಂದರು.

ಬಿಲ್ಲು ಮತ್ತು ಕನ್ನಡ

ಯಾವ ದಾರಿ ಹಿಡಿದರೂ ಅಂಗಡಿಯಲ್ಲಿ ಕೊಂಡರೆ ಬಿಲ್ ಪಡೆಯಿರಿ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ 200 ರೂಪಾಯಿ ದಾಟಿದ ಮಾರಾಟಕ್ಕೆ ಬಿಲ್ ಕೊಡಲೇಬೇಕು. "ಬಿಲ್ ಬೇಡ ಅಂದ್ರೆ ಐನೂರು ಕಮ್ಮಿ" ಎಂಬ ಮಾತು ಕೇಳಿದೊಡನೆ ನಿಮ್ಮ ಹಕ್ಕನ್ನು ಐನೂರಕ್ಕೆ ಮಾರುತ್ತಿದ್ದೀರಿ ಎಂದು ತಿಳಿಯಿರಿ. ಬಿಲ್ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, ಕೊಟ್ಟ ಹಣ ಐದು ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಡಬ್ಬದ ಮೇಲೆ ಬಿಐಎಸ್‌ನ 'ಆರ್' ಎಂದು ಶುರುವಾಗುವ ನೋಂದಣಿ ಸಂಖ್ಯೆ ಇದ್ದರೆ ಅದನ್ನು 'ಬಿಐಎಸ್ ಕೇರ್' ಆ್ಯಪಿನಲ್ಲಿ ಹಾಕಿ ನೋಡಿ. ಕಂಪನಿಯ ಹೆಸರು, ವಸ್ತು ಎರಡೂ ತಾಳೆಯಾಗಬೇಕು.

ಇಷ್ಟೆಲ್ಲ ಹುಷಾರು ಕೊಳ್ಳುವವರ ಮೇಲೇ ಯಾಕೆ ಬೀಳಬೇಕು ಎಂಬುದು ನಮ್ಮ ಕೊನೆಯ ಪ್ರಶ್ನೆ. ಅಮೆರಿಕದಲ್ಲಿ 1974ರಲ್ಲೇ, ಮನೆಯ ಆಂಪ್ಲಿಫೈಯರ್ ಮಾರುವವರು ವ್ಯಾಟ್ ಹೇಳಿಕೊಳ್ಳುವುದಾದರೆ ಬಿಡದೆ ಕೊಡಬಲ್ಲ ಶಕ್ತಿಯನ್ನೇ ಹೇಳಬೇಕು ಎಂದು ವ್ಯಾಪಾರ ಆಯೋಗ ನಿಯಮ ಮಾಡಿತು. ಆಗಲೂ ಅಲ್ಲಿ ಇದೇ ಸಂಖ್ಯೆಯ ಜಾತ್ರೆ ನಡೆದಿತ್ತು. ನಮ್ಮಲ್ಲೂ ಡಬ್ಬದ ಮುಖದ ಮೇಲೆ ಒಂದೇ ಸಂಖ್ಯೆ ಇರಲಿ, ಅದು ಆರ್‌ಎಂಎಸ್ ಆಗಿರಲಿ. ಕನ್ನಡದಲ್ಲೂ ಇರಲಿ. 2011ರ ಪೊಟ್ಟಣ ಸರಕಿನ ನಿಯಮದಂತೆ ಕಡ್ಡಾಯ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು. ಬೇರೆ ಭಾಷೆ ಸೇರಿಸಲು ಅಡ್ಡಿಯೇನಿಲ್ಲ, ಆದರೆ ಕಡ್ಡಾಯವಲ್ಲದ್ದನ್ನು ಯಾರು ಮಾಡುತ್ತಾರೆ? ಕರ್ನಾಟಕದಲ್ಲಿ ಮಾರುವ ವಸ್ತುವಿನ ಶಕ್ತಿ, ವಾರಂಟಿ, ದೂರಿನ ಫೋನ್ ನಂಬರು ಇವು ಮೂರಾದರೂ ಕನ್ನಡದಲ್ಲಿ ಬೇಕೇ ಬೇಕು. 12000 ಎಂಬ ಅಂಕಿಯನ್ನು ಎಲ್ಲರೂ ಓದುತ್ತಾರೆ. ಪಕ್ಕದ ಸಣ್ಣ ಇಂಗ್ಲಿಷ್ ಅಕ್ಷರವನ್ನು ಓದುವವರು ಕಡಿಮೆ. ಮೋಸ ನಿಂತಿರುವುದು ಆ ಅಂತರದಲ್ಲಿ, ಅಲ್ಲಿ ಬೀಳುವವರು ಚೀಟಿ ಎತ್ತಿ ಹಣ ಹೊಂದಿಸಿದವರು.

ದೀಪಾವಳಿಗೆ ಗೆಳೆಯ ಹೊಸ ಆಂಪ್ಲಿಫೈಯರನ್ನು ಊರಿಗೆ ಒಯ್ದ. ಈ ಸಲ ಕೈಚೀಲದಲ್ಲೇ ಹಿಡಿಯಿತು, ಲಗೇಜು ಟಿಕೆಟ್ ಬೇಕಾಗಲಿಲ್ಲ. ಸ್ಪೀಕರುಗಳನ್ನು ಮೊದಲೇ ಊರ ಕಡೆಯ ತರಕಾರಿ ಗಾಡಿಯಲ್ಲಿ ಕಳಿಸಿದ್ದ. ಬೀದಿಯ ಮಕ್ಕಳಿಗೆ ಲೈಟಿಲ್ಲದ ಆ ಡಬ್ಬ ಹಿಡಿಸಲಿಲ್ಲವಂತೆ. ಅಪ್ಪ ಕುರ್ಚಿಯನ್ನು ಟೀವಿಯಿಂದ ಆರಡಿ ಹಿಂದಕ್ಕೆ ಎಳೆದುಕೊಂಡು ಪೂರ್ತಿ ಸಿನಿಮಾ ನೋಡಿದರು. ಆಮೇಲೆ ಅಮ್ಮನಿಗೆ ಅದರ ಕಥೆಯನ್ನೂ ಹೇಳಿದರು. ಅಮ್ಮ ಪಕ್ಕದಲ್ಲೇ ಕೂತು ನೋಡಿದ್ದರು, ಆದರೂ ಕೇಳಿಸಿಕೊಂಡರಂತೆ.